ಹಡಗಿನ ಇಂಗ್ಲಿಷ್: ಉರು ಹೊಡೆಯಬೇಡಿ, ಆರ್ಡರ್ ಕೊಟ್ಟು ಕಲಿಯಿರಿ
ಮ್ಯಾರಿಟೈಮ್ ಇಂಗ್ಲಿಷ್ ಓದುತ್ತಿರುವವರಿಗೆ ಒಂದು ಸಲಹೆ. ಪದಪಟ್ಟಿ ಹಿಡಿದುಕೊಂಡು ಸುಮ್ನೆ ಉರು ಹೊಡೆಯಬೇಡಿ, ಪರೀಕ್ಷೆ ಮುಗಿದ ಮೇಲೆ ಅರ್ಧಕ್ಕರ್ಧ ಮರೆತೇ ಹೋಗುತ್ತದೆ. ಅಂತರರಾಷ್ಟ್ರೀಯ ಕಡಲ ಸಂಸ್ಥೆ (ಐಎಂಒ) 2001ರಲ್ಲಿ ಒಪ್ಪಿದ ಎಸ್‌ಎಂಸಿಪಿ, ಅಂದರೆ ಹಡಗಿನ ಮಾತುಕತೆಗೆ ಗೊತ್ತುಮಾಡಿದ ಇಂಗ್ಲಿಷ್ ವಾಕ್ಯಗಳಿಂದ ಶುರು ಮಾಡಿ. ಹಡಗು ನಡೆಸುವ ಪಾಳಿ (ವಾಚ್) ನೋಡಿಕೊಳ್ಳುವ ಡೆಕ್ ಆಫೀಸರ್‌ಗೆ ಅವು ಹೇಗಿದ್ದರೂ ಬರಲೇಬೇಕು, ಅಲ್ವಾ?

ಇಬ್ಬರು ಕೂತುಕೊಳ್ಳಿ. ಒಬ್ಬರು ‘ಸ್ಟಾರ್‌ಬೋರ್ಡ್ ಟೆನ್’ (ಚುಕ್ಕಾಣಿ ಬಲಕ್ಕೆ ಹತ್ತು ಡಿಗ್ರಿ) ಅಂದರೆ ಇನ್ನೊಬ್ಬರು ಅದನ್ನೇ ಜೋರಾಗಿ ತಿರುಗಿ ಹೇಳಿ, ಗಾಳಿಯಲ್ಲೇ ಆದರೂ ಸರಿ, ಚಕ್ರವನ್ನು ಬಲಕ್ಕೆ ತಿರುಗಿಸಬೇಕು, ಆಮೇಲೆ ‘ಮಿಡ್‌ಶಿಪ್ಸ್’ (ಚುಕ್ಕಾಣಿ ನಡುವಿಗೆ), ‘ಸ್ಟೆಡಿ’ (ಹಡಗು ತಿರುಗುವುದನ್ನು ಬೇಗ ನಿಲ್ಲಿಸಿ). ನೋಡುವವರು ನಗಬಹುದು, ನಗಲಿ ಬಿಡಿ. ಹಡಗು ನಡೆಸುವ ಕೋಣೆಯಾದ ಬ್ರಿಡ್ಜ್‌ನಲ್ಲೂ ಚುಕ್ಕಾಣಿ ಹಿಡಿದವರು ಆರ್ಡರನ್ನು ಹೀಗೇ ತಿರುಗಿ ಹೇಳಬೇಕು.

ಅಂಕಿಗಳಲ್ಲಿ ಜಾಸ್ತಿ ಜನ ಎಡವುತ್ತಾರೆ. ಸಾಮಾನ್ಯವಾಗಿ 150 ಅನ್ನು ‘ವನ್-ಫೈವ್-ಝೀರೋ’ ಎಂದು ಬಿಡಿಬಿಡಿಯಾಗಿ ಹೇಳಬೇಕು. ಆದರೆ ಚುಕ್ಕಾಣಿಯ ಕೋನ ಹೇಳುವಾಗ ಮಾತ್ರ 15 ಇದ್ದರೆ ‘ಫಿಫ್ಟೀನ್’ ಅಂತಲೇ ಅನ್ನಬೇಕು. ಎರಡನ್ನೂ ಬೆರೆಸಿ ಅಭ್ಯಾಸ ಮಾಡಿ.

ಎಂಜಿನ್ ರೂಮ್ ಪದಗಳಿಗೆ ಚಿತ್ರವೇ ಒಳ್ಳೆಯದು. ಪಂಪು, ವಾಲ್ವು, ಪೈಪಿನ ಗೆರೆಚಿತ್ರ ಬರೆದು ಹೆಸರು ಖಾಲಿ ಬಿಡಿ, ಮಾರನೇ ದಿನ ನೋಡದೆ ತುಂಬಿಸಿ, ತಪ್ಪಿದವನ್ನು ಮಾತ್ರ ಮತ್ತೆ ಓದಿ.