ಸೆಮಿಸ್ಟರ್ ಕೊನೆಯ ಎಂಟು ಪುಟ

ನಾನು ಮಂಗಳೂರಿನ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ನಾಲ್ಕು ವರ್ಷದಿಂದ ವಿಜ್ಞಾನ ವಿಭಾಗದ ಸುದ್ದಿಪತ್ರದ ಕೆಲಸವೂ ನನ್ನದೇ. ಸೆಮಿಸ್ಟರ್ ಮುಗಿಯುವಾಗ ಎಂಟು ಪುಟ ತರಬೇಕು. ಯಾರು ಯಾವ ಪರೀಕ್ಷೆ ಪಾಸಾದರು, ಯಾರಿಗೆ ಎಲ್ಲಿ ಸೀಟು ಸಿಕ್ಕಿತು, ಯಾರ ಪೇಪರ್ ಬಂತು, ಯಾವ ಲ್ಯಾಬಲ್ಲಿ ಏನು ನಡೆಯಿತು, ಇಷ್ಟು.

ಮೊದಲ ಸಲ ಒಂದು ಗೂಗಲ್ ಫಾರ್ಮ್ ಮಾಡಿ ಎಲ್ಲ ಡಿಪಾರ್ಟ್‌ಮೆಂಟುಗಳ ವಾಟ್ಸಾಪ್ ಗುಂಪಿಗೆ ಹಾಕಿ ಕೂತೆ. ಬಂದದ್ದೆಲ್ಲ ಕಾರ್ಯಕ್ರಮದ ವರದಿ. ದೀಪ ಬೆಳಗಿಸಿದವರು, ಸ್ವಾಗತಿಸಿದವರು, ವಂದಿಸಿದವರು. ಫೆಬ್ರವರಿ 28ರ ವಿಜ್ಞಾನ ದಿನದ್ದೇ ರಾಶಿ ಫೋಟೋ ಬಂತು. 1928ರಲ್ಲಿ ಆ ದಿನ ಸಿ. ವಿ. ರಾಮನ್ ಕಂಡದ್ದು ಏನು, ನಮ್ಮ ಮಕ್ಕಳು ಆ ದಿನ ಏನು ಮಾಡಿ ನೋಡಿದರು ಅಂತ ಒಂದು ಸಾಲೂ ಇರಲಿಲ್ಲ. ನಾನೂ ಹಾಗೆಯೇ ಪ್ರಿಂಟ್ ಮಾಡಿಸಿದೆ. ಅದರ ಬೇಸರ ಇನ್ನೂ ಹೋಗಿಲ್ಲ. ಯಾಕೆಂದರೆ ಅದೇ ಸೆಮಿಸ್ಟರಿನಲ್ಲಿ, ನನ್ನ ಕ್ಲಾಸಿನ ಕೆಳಗಿನ ಕೆಮಿಸ್ಟ್ರಿ ಲ್ಯಾಬಲ್ಲಿ, ಮೂವರು ಮಕ್ಕಳು ಬಾವಿ ನೀರಿನ ಮೇಲೆ ಕೆಲಸ ಶುರು ಮಾಡಿದ್ದರು. ನನಗೆ ಗೊತ್ತೇ ಆಗಲಿಲ್ಲ.

ಎರಡನೇ ಸಲ ಫಾರ್ಮ್ ಬಿಟ್ಟು ನೋಟ್‌ಬುಕ್ ಹಿಡಿದೆ. ಪ್ರಾಕ್ಟಿಕಲ್ ಪರೀಕ್ಷೆ ಮುಗಿದ ಮರುದಿನ ಒಳ್ಳೆಯ ಸಮಯ. ಮಕ್ಕಳು ಬ್ಯೂರೆಟ್ ತೊಳೆದು ಇಡುತ್ತಾರೆ, ಒಡೆದ ಸಾಮಾನಿನ ಲೆಕ್ಕ ಕೊಡುತ್ತಾರೆ, ರೆಕಾರ್ಡ್ ಬುಕ್ ವಾಪಸ್ ತಗೊಳ್ಳುತ್ತಾರೆ. ತಲೆಯ ಮೇಲಿನ ಭಾರ ಇಳಿದಿರುತ್ತದೆ, ಮಾತಾಡುತ್ತಾರೆ. ಮೊದಲು ಲ್ಯಾಬ್ ಅಟೆಂಡರ್ ಹತ್ತಿರ ಕೇಳಬೇಕು ಅಂತ ನನಗೆ ಗೊತ್ತಾದದ್ದೂ ಆಗಲೇ. ಸಂಜೆ ಆರರವರೆಗೆ ಯಾರು ಕೂತಿರುತ್ತಾರೆ, ಯಾರು ಶನಿವಾರವೂ ಕೀ ಕೇಳುತ್ತಾರೆ, ಎಲ್ಲ ಅವರಿಗೆ ಗೊತ್ತು. "ಆ ಬಾವಿ ನೀರಿನ ಹುಡುಗಿ ಹತ್ತಿರ ಮಾತಾಡಿ ಸರ್" ಅಂತ ಹೇಳಿದ್ದೂ ಅವರೇ.

ಫೈನಲ್ ಬಿಎಸ್ಸಿ ಹುಡುಗಿ. ಮನೆ ಮೂಲ್ಕಿ ಕಡೆ. ಮನೆಯ ಹಿತ್ತಾಳೆ ನಲ್ಲಿಯಲ್ಲಿ ಹಸಿರು ಗೆರೆ ಬರುವುದು ಯಾಕೆ ಅಂತ ಅವಳಿಗೆ ಸಣ್ಣದರಿಂದ ಇದ್ದ ಪ್ರಶ್ನೆ. ನಮ್ಮ ಕರಾವಳಿಯದ್ದು ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ನೆಲ. ಎಷ್ಟೋ ಸಾವಿರ ವರ್ಷದ ಮಳೆಗೆ ಅದರ ಸುಣ್ಣದ ಅಂಶ ತೊಳೆದು ಹೋಗಿದೆ. ಮಣ್ಣಿನೊಳಗಿನ ಕಾರ್ಬನ್ ಡೈಆಕ್ಸೈಡ್ ನೀರಿಗೆ ಸೇರಿದರೆ ಅದರ ಹುಳಿ ಮುರಿಯಲು ಅಲ್ಲಿ ಏನೂ ಉಳಿದಿಲ್ಲ. ಹಾಗಾಗಿ ಬಾವಿ ನೀರು ಸ್ವಲ್ಪ ಆಮ್ಲೀಯ. ಅದು ಹಿತ್ತಾಳೆಯ ತಾಮ್ರವನ್ನು ಮೆಲ್ಲ ಕರಗಿಸುತ್ತದೆ. ಆ ಹಸಿರು ಅದೇ.

ಅವಳು ಮತ್ತು ಇಬ್ಬರು ಗೆಳತಿಯರು ಕ್ಲಾಸಿನವರ ಮನೆಗಳಿಂದ ಬಾಟ್ಲಿಯಲ್ಲಿ ನೀರು ತರಿಸಿ ಪಿಎಚ್ ನೋಡಿದರು. ನೀರು ಎಷ್ಟು ಹುಳಿ ಅಂತ ಹೇಳುವ ಅಂಕಿ ಅದು, 7ಕ್ಕಿಂತ ಕೆಳಗೆ ಇಳಿದಷ್ಟೂ ಹುಳಿ ಹೆಚ್ಚು. ಎಲ್ಲ ಚೆನ್ನಾಗಿಯೇ ಬಂತು. ಕುಡಿಯುವ ನೀರಿಗೆ ಬಿಐಎಸ್, ಅಂದರೆ ಭಾರತೀಯ ಮಾನಕ ಸಂಸ್ಥೆ, ಹೇಳುವುದು 6.5ರಿಂದ 8.5. ಹೆಚ್ಚಿನವು ಆ ಗೆರೆಯ ಒಳಗೇ ಇದ್ದವು. ಹಾಗಾದರೆ ನಲ್ಲಿ ಯಾಕೆ ಹಸಿರಾಗುತ್ತದೆ? ಅವಳಿಗೆ ನಂಬಿಕೆ ಬರಲಿಲ್ಲ. ಒಂದು ಭಾನುವಾರ ಪಿಎಚ್ ಮೀಟರನ್ನೇ ಮನೆಗೆ ತಗೊಂಡು ಹೋದಳು. ಬಾವಿಕಟ್ಟೆಯ ಮೇಲೆ ಬಫರ್ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ಇಟ್ಟು ಮೀಟರ್ ಸರಿ ಮಾಡಿ, ಕೊಡಪಾನದಲ್ಲಿ ನೀರು ಸೇದಿ, ಅಲ್ಲೇ ನೋಡಿದಳು. ಅಂಕಿ 6ಕ್ಕಿಂತ ಕೆಳಗೆ. ಅದೇ ನೀರನ್ನು ಅರ್ಧ ತುಂಬಿದ ಬಾಟ್ಲಿಯಲ್ಲಿ ಬಸ್ಸಿನಲ್ಲಿ ಕುಲುಕಿಸಿಕೊಂಡು ಕಾಲೇಜಿಗೆ ತಂದಾಗ ಏರಿತ್ತು. ದಾರಿಯಲ್ಲಿ ಆ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಹೊರಗೆ ಹೋಗಿ ಹುಳಿ ಕಡಿಮೆಯಾಗಿತ್ತು, ಅಷ್ಟೇ. ಎರಡು ವಾರದ ರೀಡಿಂಗ್ ಎಲ್ಲ ಬಿಟ್ಟು ಪುನಃ ಶುರು ಮಾಡಿದರು. ಬಿಟ್ಟ ಪುಟಗಳನ್ನು ಹರಿದು ಹಾಕಲಿಲ್ಲ. ಮೇಲೆ ಅಡ್ಡಗೆರೆ ಎಳೆದು "ಬಾಟ್ಲಿ ನೀರು, ನಂಬಬೇಡಿ" ಅಂತ ಬರೆದಿದ್ದರು. ಆ ಪುಟದ ಫೋಟೋವನ್ನೇ ನಾನು ಮುಖಪುಟಕ್ಕೆ ಹಾಕಿದೆ.

ಮೊದಲು ಕೇಳಿದಾಗ ಅವಳು ಇಂಗ್ಲಿಷಿನಲ್ಲಿ ಪ್ರಾಜೆಕ್ಟಿನ ಉದ್ದ ಹೆಸರು ಹೇಳಿದಳು. ನನಗೆ ಅದರಿಂದ ಬರೆಯಲು ಏನೂ ಸಿಗಲಿಲ್ಲ. "ಮನೆಯಲ್ಲಿ ಅಮ್ಮನಿಗೆ ಹೇಗೆ ಹೇಳಿದೆ?" ಅಂತ ಕೇಳಿದೆ. "ಸೋಡಾ ಓಪನ್ ಮಾಡಿ ಇಟ್ರೆ ಗ್ಯಾಸ್ ಹೋಗಿ ಸಪ್ಪೆ ಆಗ್ತದಲ್ವಾ ಸರ್, ಹಾಗೇ ಅಂತ ಹೇಳಿದೆ" ಅಂದಳು. ಆ ವಾಕ್ಯವನ್ನೇ ಎತ್ತಿ ಬರೆದೆ. ಅಲ್ಲಿಂದ ಮುಂದೆ ಎಲ್ಲರ ಹತ್ತಿರವೂ ಇದೇ ಪ್ರಶ್ನೆ ಕೇಳುತ್ತೇನೆ. ಮನೆಯಲ್ಲಿ ಹೇಳಲು ಬಂದರೆ ಕೆಲಸ ಅವರಿಗೆ ನಿಜವಾಗಿ ಅರ್ಥವಾಗಿದೆ ಅಂತ ನನ್ನ ನಂಬಿಕೆ.

ಪರೀಕ್ಷೆಯ ಸುದ್ದಿಯಲ್ಲಿ ಮಾತ್ರ ಸರಳ ಮಾಡಲು ಹೋಗಬಾರದು. "ನೆಟ್ ಪಾಸ್" ಅಂತ ಬರೆದರೆ ಸಾಲುವುದಿಲ್ಲ. ನೆಟ್ ಅಂದರೆ ಕಾಲೇಜಿನಲ್ಲಿ ಪಾಠ ಮಾಡಲು, ರಿಸರ್ಚ್ ಮಾಡಲು ಇರುವ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ. ಜೆಆರ್‌ಎಫ್ ಸಿಕ್ಕಿದರೆ ರಿಸರ್ಚ್ ಮಾಡಲು ಫೆಲೋಶಿಪ್ ಇದೆ, 2023ರಿಂದ ತಿಂಗಳಿಗೆ 37,000 ರೂಪಾಯಿ. ಬರೀ ಅಸಿಸ್ಟೆಂಟ್ ಪ್ರೊಫೆಸರ್ ಅರ್ಹತೆ ಆದರೆ ಆ ಹಣ ಇಲ್ಲ. ಕೆ-ಸೆಟ್ ಅಸಿಸ್ಟೆಂಟ್ ಪ್ರೊಫೆಸರ್ ಆಗಲು ನಮ್ಮ ರಾಜ್ಯದ ಅರ್ಹತಾ ಪರೀಕ್ಷೆ. ಜ್ಯಾಮ್ ಅಂದರೆ ಐಐಟಿಯಂಥ ಕಡೆ ಎಂಎಸ್ಸಿ ಸೇರಲು. ಜೂನಿಯರ್ ಮಕ್ಕಳು ಇದನ್ನು ಓದಿಯೇ ಮುಂದೆ ಏನು ಅಂತ ಯೋಚಿಸುತ್ತಾರೆ, ಹಾಗಾಗಿ ಬಿಡಿಸಿ ಬರೆಯಲೇಬೇಕು. ಪೇಪರ್ ಬಂದಿದೆ ಅಂದರೆ ಡಿಒಐ ನಂಬರ್ (ಪ್ರತಿ ಪೇಪರಿಗೂ ಇರುವ ಆನ್‌ಲೈನ್ ಗುರುತು) ಹಾಕಿ ನಾನೇ ತೆರೆದು ನೋಡುತ್ತೇನೆ. ಮಕ್ಕಳ ಹೆಸರು ಎಷ್ಟನೆಯದಾಗಿ ಇದೆ ಅಂತಲೂ ನೋಡುತ್ತೇನೆ. ಕೆಲಸ ಮಾಡಿದವರ ಹೆಸರನ್ನು ಸುದ್ದಿಯಲ್ಲಿ "ಮತ್ತು ತಂಡ" ಅಂತ ಮುಚ್ಚುವುದು ನನಗೆ ಸರಿ ಕಾಣುವುದಿಲ್ಲ.

ನನ್ನಿಂದಲೇ ಒಂದು ತಪ್ಪಾಯಿತು. ಒಂದೇ ಹೆಸರಿನ ಇಬ್ಬರು ಹುಡುಗಿಯರು, ಇನಿಶಿಯಲ್ ಬೇರೆ. ನಾನು ಇನಿಶಿಯಲ್ ಅದಲು ಬದಲು ಮಾಡಿದೆ. ಹಾಸ್ಟೆಲಿನಲ್ಲಿ ಎಲ್ಲರೂ ಹೋಗಿ ಬೇರೆಯವಳ ಕೈ ಕುಲುಕಿದರು. ಪಾಸಾದವಳು ಏನೂ ಹೇಳಲಿಲ್ಲ. ನನಗೆ ಗೊತ್ತಾದದ್ದು ಒಂದು ವಾರದ ನಂತರ. ಇಬ್ಬರ ಹತ್ತಿರವೂ ಹೋಗಿ ಕ್ಷಮೆ ಕೇಳಿದೆ. ಈಗ ಪ್ರಿಂಟಿಗೆ ಮೊದಲು ಪ್ರತಿಯೊಬ್ಬರಿಗೂ ಅವರ ಸಾಲನ್ನು ತೋರಿಸಿ, ಅವರು ಸರಿ ಅಂದ ಮೇಲೆಯೇ ಕಳಿಸುವುದು.

ಕಳೆದ ಮಳೆಗಾಲದಲ್ಲಿ ಝುವಾಲಜಿ ಮಕ್ಕಳು ರಾತ್ರಿ ಕಪ್ಪೆಗಳ ಕೂಗು ರೆಕಾರ್ಡ್ ಮಾಡಿದ್ದರು. ಅದು ಸಾಧನೆಯಾ ಅಂತ ಕೆಲವರು ಕೇಳಿದರು. 2018ರಲ್ಲಿ ಮೈಕ್ರೋಹೈಲಾ ಕೊಡಿಯಾಲ್ ಅಂತ ಹೊಸ ಕಪ್ಪೆ ಜಾತಿಯನ್ನು ಗುರುತಿಸಿದ್ದು ನಮ್ಮ ಮಂಗಳೂರಿನಲ್ಲಿ, ಅದೂ ಕಾರ್ಖಾನೆಗಳ ನಡುವಿನ ಜಾಗದಲ್ಲಿ. ಕೊಡಿಯಾಲ್ ಅಂದರೆ ಕೊಂಕಣಿಯಲ್ಲಿ ನಮ್ಮ ಊರೇ. ಹೀಗೆ ಬರೆದು ಅದರ ಕೆಳಗೆ ಮಕ್ಕಳ ಕೆಲಸ ಹಾಕಿದೆ. ಮತ್ತೆ ಯಾರೂ ಆ ಪ್ರಶ್ನೆ ಕೇಳಲಿಲ್ಲ.

ನಮ್ಮ ಸುದ್ದಿಪತ್ರ ಮೊದಲು ಪೂರ್ತಿ ಇಂಗ್ಲಿಷಿನಲ್ಲಿ ಇತ್ತು. ಜಗಳ ಮಾಡದೆ, ಕೇಳಿ ಕೇಳಿ, ಎರಡು ಪುಟ ಕನ್ನಡಕ್ಕೆ ತಗೊಂಡೆ. ಬಾವಿ ನೀರಿನ ವಿಷಯ ಅದರಲ್ಲೇ ಬಂತು. ರಜೆ ಕಳೆದು ಆ ಹುಡುಗಿ ಮಾರ್ಕ್ಸ್ ಕಾರ್ಡಿಗೆ ಬಂದಾಗ ಆ ಹಾಳೆಯನ್ನು ತಂದಿದ್ದಳು. ಅವಳ ಅಮ್ಮ ಬೀಡಿ ಕಟ್ಟುತ್ತಾರೆ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಬೀಡಿ ಕಟ್ಟುವ ತಡ್ಪೆಯಲ್ಲೇ (ಮೊರದಲ್ಲೇ) ಇಟ್ಟುಕೊಂಡು, ಬಂದವರಿಗೆಲ್ಲ ತೋರಿಸಿದ್ದಾರೆ. ಮಡಿಕೆಯ ಅಂಚಿಗೆಲ್ಲ ಹೊಗೆಸೊಪ್ಪಿನ ಪುಡಿ. ಪೂರ್ತಿ ಓದಿ ಅವರು ಕೇಳಿದ್ದು ಒಂದೇ ಪ್ರಶ್ನೆಯಂತೆ: "ನಮ್ಮ ಬಾವಿದು ಎಷ್ಟು?"

ನಾನು ಅದನ್ನು ಬರೆದಿರಲಿಲ್ಲ. ಮಗಳು ಪಕ್ಕದಲ್ಲಿ ನೀಲಿ ಪೆನ್ನಿನಲ್ಲಿ 5.8 ಅಂತ ಬರೆದಿದ್ದಳು. ಈ ಸಲದ ಸಂಚಿಕೆಯಲ್ಲಿ ಎಲ್ಲ ಬಾವಿಗಳ ಅಂಕಿಯನ್ನೂ ಹಾಕುತ್ತಿದ್ದೇವೆ. ಮನೆಯವರ ಒಪ್ಪಿಗೆ ಕೇಳುವ ಕೆಲಸ ಹೋದ ವಾರ ಶುರುವಾಗಿದೆ.