ಸೋಮವಾರವನ್ನು ರಸ್ತೆಗೆ ಬಿಡಿ: ಹುಬ್ಬಳ್ಳಿಯಿಂದ ಪುಣೆ, ಮುಂಬೈ, ರತ್ನಾಗಿರಿಯ ನಾಯಕರ ಮನೆಗಳಿಗೆ ಕಾರಿನಲ್ಲಿ ಎಂಟು ದಿನ

ಕೋಟೆಗೋ ಜಲಪಾತಕ್ಕೋ ಹೊರಟವರು ಹೊತ್ತು ತಪ್ಪಿ ತಲುಪಿದರೂ ಏನಾದರೊಂದು ನೋಡಿಯೇ ಬರುತ್ತಾರೆ. ಮನೆಗಳ ವಿಷಯ ಹಾಗಲ್ಲ. ಬಾಗಿಲು ಹಾಕಿತ್ತೆಂದರೆ ಮುಗಿಯಿತು, ಬೀದಿಯಲ್ಲಿ ನಿಂತು ಗೋಡೆ ನೋಡಿಕೊಂಡು ಬರಬೇಕು. ಅದಕ್ಕೇ ಫುಲೆ, ತಿಲಕ, ಗಾಂಧೀಜಿ, ಅಂಬೇಡ್ಕರ್ ಬಾಳಿದ ಮನೆಗಳಿಗೆ ಹೋಗುವಾಗ ನಾನು ಮೊದಲು ಹಿಡಿಯುವುದು ಕ್ಯಾಲೆಂಡರ್, ನಕಾಶೆ ಆಮೇಲೆ. ಯಾವ ಮನೆಗೆ ಯಾವ ವಾರ ರಜೆ, ಬೆಳಿಗ್ಗೆ ಎಷ್ಟಕ್ಕೆ ತೆರೆಯುತ್ತಾರೆ ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಹೊರಡುವ ದಿನಕ್ಕೆ ಬರುತ್ತೇನೆ.

ಹಾಗೆ ಎಣಿಸಿದರೆ ಹುಬ್ಬಳ್ಳಿಯಿಂದ ಬುಧವಾರ ಹೊರಡುವುದು ಎಲ್ಲದಕ್ಕೂ ಹೊಂದುತ್ತದೆ. ಬುಧವಾರ ಬೆಳಗಾವಿ ಮುಗಿಸಿ ಕೊಲ್ಹಾಪುರ, ಗುರುವಾರ ನಾಯಗಾಂವ್ ಮುಗಿಸಿ ಪುಣೆ, ಶುಕ್ರವಾರ ಪೂರ್ತಿ ಪುಣೆ, ಶನಿವಾರ ಮಧ್ಯಾಹ್ನ ಮುಂಬೈ ಕಡೆಗೆ, ಭಾನುವಾರ ಮುಂಬೈ, ಸೋಮವಾರ ಕೊಂಕಣದ ರಸ್ತೆ, ಮಂಗಳವಾರ ರತ್ನಾಗಿರಿ, ಬುಧವಾರ ಮನೆ. ಸರ್ಕಾರಿ ವಸ್ತುಸಂಗ್ರಹಾಲಯಗಳಿಗೆ ರಜೆ ಹೆಚ್ಚಾಗಿ ಸೋಮವಾರ. ಆ ಒಂದು ದಿನ ನಾವು ಹೇಗೂ ಗಾಡಿಯಲ್ಲೇ ಇರುತ್ತೇವೆ. ಶನಿವಾರ ಮುಂಬೈಯವರೆಲ್ಲ ಲೋಣಾವಳದ ಕಡೆ ಬರುತ್ತಿರುತ್ತಾರೆ, ನಾವು ಎದುರು ದಿಕ್ಕಿನಲ್ಲಿ ಹೋಗುತ್ತೇವೆ. ಭಾನುವಾರ ದಕ್ಷಿಣ ಮುಂಬೈಯ ರಸ್ತೆಗಳು ಖಾಲಿ. ಬೆಂಗಳೂರಿನವರು ಹಿಂದೆ ಮುಂದೆ ಒಂದೊಂದು ದಿನ ಸೇರಿಸಿಕೊಂಡು ಮಂಗಳವಾರ ಹೊರಡಬೇಕು. ಬೆಂಗಳೂರು–ಹುಬ್ಬಳ್ಳಿ 410 ಕಿ.ಮೀ. ಓಡಿಸಿ, ಅದೇ ದಿನ ಬೆಳಗಾವಿಯನ್ನೂ ನೋಡಿಬಿಡೋಣ ಎನ್ನುವ ಲೆಕ್ಕ ಮಕ್ಕಳಿರುವ ಗಾಡಿಗೆ ಆಗಿಬರುವುದಿಲ್ಲ.

ಹುಬ್ಬಳ್ಳಿಯಿಂದ ಹುಬ್ಬಳ್ಳಿಗೆ ಒಟ್ಟು ಸುಮಾರು 1,300 ಕಿ.ಮೀ. ಲೀಟರಿಗೆ 14 ಕಿ.ಮೀ. ಕೊಡುವ ಗಾಡಿಗೆ 93 ಲೀಟರ್ ಪೆಟ್ರೋಲ್ ಬೇಕು. ಘಾಟಿ, ಟ್ರಾಫಿಕ್ ಸೇರಿಸಿ 100 ಲೀಟರ್ ಎಂದು ಹಿಡಿಯಿರಿ. ಟೋಲ್ ವಿಷಯದಲ್ಲಿ ಒಂದು ಮಾತು. 2025ರ ಆಗಸ್ಟ್ 15ರಿಂದ ಬಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಒಂದು ವರ್ಷ ಅಥವಾ 200 ಸಲ, ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತದೆ. ಆದರೆ ಅದು ರಾಷ್ಟ್ರೀಯ ಹೆದ್ದಾರಿಗಳಿಗೆ ಮಾತ್ರ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ರಾಜ್ಯದ್ದು, ಅಲ್ಲಿ ಮಾಮೂಲಿ ಖಾತೆಯಿಂದಲೇ ದುಡ್ಡು ಕಡಿತವಾಗುತ್ತದೆ. ಪಾಸ್ ಇದೆಯಲ್ಲ ಎಂದು ಖಾತೆ ಬರಿದು ಮಾಡಿಕೊಂಡು ಹೋದವರು ಸಿಕ್ಕಿಬೀಳುವುದು ಅಲ್ಲಿಯೇ.

ತಿಂಗಳು ನವೆಂಬರಿನಿಂದ ಫೆಬ್ರವರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಂಕಣದ ಮಳೆ, ಘಾಟಿಯಲ್ಲಿ ಮಣ್ಣು ಕುಸಿತ. ಗಣೇಶ ಚೌತಿಯ ಆಸುಪಾಸಿನಲ್ಲಂತೂ ಇಡೀ ಮುಂಬೈಯೇ ಕೊಂಕಣದ ಊರುಗಳಿಗೆ ಹೊರಟಿರುತ್ತದೆ. ಚಳಿಗಾಲದಲ್ಲೂ ಮೂರು ದಿನ ತಪ್ಪಿಸಬೇಕು: ನವೆಂಬರ್ 28 ಫುಲೆಯವರ ಪುಣ್ಯತಿಥಿ, ಡಿಸೆಂಬರ್ 6 ಅಂಬೇಡ್ಕರ್ ಮಹಾಪರಿನಿರ್ವಾಣ ದಿನ, ಜನವರಿ 3 ಫುಲೆಯವರ ಹೆಂಡತಿ ಸಾವಿತ್ರಿಬಾಯಿಯವರ ಜಯಂತಿ. ಶ್ರದ್ಧೆಯಿಂದ ಆ ದಿನವೇ ಹೋಗುವವರ ಮಾತು ಬೇರೆ. ಮನೆಯೊಳಗೆ ನಿಂತು ಮಕ್ಕಳಿಗೆ ತೋರಿಸಬೇಕು ಎನ್ನುವವರಿಗೆ ಆ ದಿನಗಳಲ್ಲಿ, ಅದರಲ್ಲೂ ಡಿಸೆಂಬರ್ 6ರಂದು ದಾದರ್‌ನಲ್ಲಿ, ಕಾಲಿಡಲು ಜಾಗವಿರುವುದಿಲ್ಲ.

ಹೆಸರು ಹುಡುಕುವಾಗಿನ ಎಡವಟ್ಟು

ಅರ್ಧ ದಿನ ಹಾಳಾಗುವುದು ಸಾಮಾನ್ಯವಾಗಿ ಮ್ಯಾಪಿನಲ್ಲಿ. ನಾಯಗಾಂವ್ ಎಂದು ಹಾಕಿದರೆ ಮುಂಬೈಯ ದಾದರ್ ಪಕ್ಕದ್ದು ಬರುತ್ತದೆ, ವಸಯಿ ಕಡೆಯ ರೈಲು ನಿಲ್ದಾಣ ಬರುತ್ತದೆ, ನಾಂದೇಡ ಜಿಲ್ಲೆಯದ್ದೂ ಬರುತ್ತದೆ. ನಮಗೆ ಬೇಕಾದ್ದು ಸಾವಿತ್ರಿಬಾಯಿ ಹುಟ್ಟಿದ ಊರು, ಸಾತಾರಾ ಜಿಲ್ಲೆ, ಖಂಡಾಳಾ ತಾಲೂಕಿನದು. ಖಂಡಾಳಾ ಕೂಡ ಎರಡಿವೆ. ಲೋಣಾವಳದ ಖಂಡಾಳಾ ಬೇರೆ, ಪುಣೆ–ಸಾತಾರಾ ಹೆದ್ದಾರಿಯ ಈ ಖಂಡಾಳಾ ಬೇರೆ. ಪುಣೆಯಲ್ಲಿ ತಿಲಕ ಸ್ಮಾರಕ ಎಂದು ಹುಡುಕಿದರೆ ತಿಲಕ ರಸ್ತೆಯ ಸಭಾಂಗಣಕ್ಕೆ ಹೋಗಿ ನಿಲ್ಲುತ್ತೀರಿ. ತಿಲಕರ ಮನೆ ನಾರಾಯಣ ಪೇಠೆಯ ಕೇಸರಿ ವಾಡಾ. ಮಹಾತ್ಮಾ ಫುಲೆ ಮ್ಯೂಸಿಯಂ ಘೋಲೆ ರಸ್ತೆಯಲ್ಲಿದೆ, ಫುಲೆಯವರ ಮನೆ ಗಂಜ ಪೇಠೆಯಲ್ಲಿದೆ. ಫುಲೆ ಮಂಡಈ ಎಂಬುದು ತರಕಾರಿ ಮಾರುಕಟ್ಟೆ. ಹೊರಡುವ ಮುನ್ನ ಪ್ರತಿ ಮನೆಯನ್ನೂ ಪೇಠೆಯ ಹೆಸರು ಸೇರಿಸಿ ಹುಡುಕಿ, ಫೋಟೋ ನೋಡಿ ಖಾತ್ರಿ ಮಾಡಿಕೊಂಡು ಉಳಿಸಿಡಿ. ತಾತ್ಯಾಸಾಹೇಬ ಭಿಡೆಯವರ ವಾಡೆಯನ್ನು, ಅಂದರೆ 1848ರಲ್ಲಿ ಹೆಣ್ಣುಮಕ್ಕಳ ಶಾಲೆ ನಡೆದ ಕಟ್ಟಡವನ್ನು, ಪಟ್ಟಿಗೆ ಸೇರಿಸಿಕೊಂಡಿದ್ದರೆ ತೆಗೆದುಬಿಡಿ. ಹೊಸ ಸ್ಮಾರಕಕ್ಕಾಗಿ ಹಳೆಯ ಕಟ್ಟಡವನ್ನು 2023ರ ಡಿಸೆಂಬರಿನಲ್ಲಿ ಕೆಡವಲಾಯಿತು.

ಹಿಂದಿನ ದಿನ ಬೆಳಿಗ್ಗೆ 11ರ ನಂತರ ಪ್ರತಿ ಮನೆಗೂ ಒಂದು ಫೋನ್ ಮಾಡುತ್ತೇನೆ. ಕೇಳುವುದು ಮೂರೇ: ನಾಳೆ ತೆರೆದಿರುತ್ತದೆಯೇ, ಯಾವ ಕೋಣೆಗಳು ಮುಚ್ಚಿವೆ, ಮೆಟ್ಟಿಲು ಎಷ್ಟು. ಮೂರನೆಯದು ಮನೆಯಲ್ಲಿ ಅಜ್ಜ ಅಜ್ಜಿ ಇರುವವರಿಗೆ. ಹಳೇ ವಾಡೆಗಳಲ್ಲಿ ಮೆಟ್ಟಿಲು ಇಕ್ಕಟ್ಟು, ಕಡಿದು, ಮೇಲಾಗಿ ಚಪ್ಪಲಿ ಬಿಟ್ಟು ಹತ್ತಬೇಕಾದೀತು. ಕಾಲುಚೀಲ ಹಾಕಿಕೊಂಡು ನುಣುಪಾದ ಮರದ ಮೆಟ್ಟಿಲು ಹತ್ತಿದರೆ ಜಾರುತ್ತದೆ. ಬರಿಗಾಲೇ ವಾಸಿ.

ಬೆಳಗಾವಿಯಿಂದ ಪುಣೆಗೆ

ಮೊದಲ ದಿನ ಹುಬ್ಬಳ್ಳಿ ಬಿಟ್ಟು 95 ಕಿ.ಮೀ.ಗೆ ಬೆಳಗಾವಿ. ತಿಲಕವಾಡಿಯ ವೀರಸೌಧ ಯಾರ ಮನೆಯೂ ಅಲ್ಲ, ಆದರೂ ಇಲ್ಲಿಂದಲೇ ಶುರು ಮಾಡಬೇಕು. ಗಾಂಧೀಜಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ್ದು ಬದುಕಿನಲ್ಲಿ ಒಮ್ಮೆ ಮಾತ್ರ, 1924ರ ಡಿಸೆಂಬರ್ 26 ಮತ್ತು 27ರಂದು, ಈ ಊರಿನಲ್ಲಿ. ಅಧಿವೇಶನಕ್ಕೆ ನೀರಿಗಾಗಿ ತೋಡಿದ ಕಾಂಗ್ರೆಸ್ ಬಾವಿ ಹತ್ತಿರದಲ್ಲೇ ಇದೆ. ಮುಂದಿನ ಏಳು ದಿನ ನೋಡುವ ಮನೆಗಳೆಲ್ಲ ಮಹಾರಾಷ್ಟ್ರದಲ್ಲಿದ್ದರೂ ಆ ಕಥೆ ನಮ್ಮ ಮನೆಬಾಗಿಲಿಗೂ ಬಂದಿತ್ತು ಎಂದು ಮಕ್ಕಳಿಗೆ ಬಾವಿಯ ಕಟ್ಟೆಯ ಬಳಿ ಹೇಳಿದರೆ ತಲೆಯಲ್ಲಿ ಉಳಿಯುತ್ತದೆ. ಒಂದು ಗಂಟೆ ಸಾಕು. ಕುಂದಾ ಕಟ್ಟಿಸಿಕೊಂಡು 110 ಕಿ.ಮೀ. ದೂರದ ಕೊಲ್ಹಾಪುರಕ್ಕೆ. ಅಲ್ಲಿ ಹೊತ್ತಿದ್ದರೆ ಕಸಬಾ ಬಾವಡಾದಲ್ಲಿರುವ ಶಾಹು ಮಹಾರಾಜರ ಜನ್ಮಸ್ಥಳ.

ಎರಡನೇ ದಿನ ಹೆದ್ದಾರಿ ಅಗಲೀಕರಣದ ತಿರುವುಗಳು ಅಲ್ಲಲ್ಲಿ ಎದುರಾಗುತ್ತವೆ. ಮ್ಯಾಪ್ ಹೇಳಿದ ಹೊತ್ತಿಗೆ ಒಂದು ಗಂಟೆ ಸೇರಿಸಿಕೊಂಡು ಏಳಕ್ಕೆ ಹೊರಡಿ. ಹೆದ್ದಾರಿ ಬಿಟ್ಟು ನಾಯಗಾಂವ್‌ಗೆ ತಿರುಗಿದರೆ ಸಾವಿತ್ರಿಬಾಯಿ 1831ರಲ್ಲಿ ಹುಟ್ಟಿದ ಮನೆ. ಊರು ಚಿಕ್ಕದು, ಊಟ ತಿಂಡಿ ನೆಚ್ಚಿಕೊಂಡು ಹೋಗಬೇಡಿ, ಹೆದ್ದಾರಿಯಲ್ಲೇ ಉಂಡು ಹೋಗಿ. ಫಲಕಗಳು ಮರಾಠಿಯಲ್ಲಿ. ಶಾಲೆಯಲ್ಲಿ ಹಿಂದಿ ಓದುವ ಮಗುವಿದ್ದರೆ ಓದಿ ಹೇಳುವ ಕೆಲಸ ಅದಕ್ಕೇ ಕೊಡಿ. ಹತ್ತು ನಿಮಿಷದಲ್ಲಿ ಬೇಸರ ಎನ್ನುವ ಮಗು ಅರ್ಧ ಗಂಟೆ ನಿಲ್ಲುತ್ತದೆ.

ಪುಣೆಯಲ್ಲಿ ಕಾರನ್ನು ಲಾಡ್ಜಿನಿಂದ ಹೊರಗೆ ತೆಗೆಯಬಾರದು. ಪೇಠೆಗಳ ಓಣಿಗಳಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ, ಏಕಮುಖ ರಸ್ತೆಗಳಲ್ಲಿ ಸುತ್ತಿ ಸುತ್ತಿ ಹೊತ್ತು ಹೋಗುತ್ತದೆ. ಕಲ್ಯಾಣಿ ನಗರದ ಸುತ್ತ ತಂಗಿದರೆ ಮೆಟ್ರೋದಲ್ಲಿ ಸಿವಿಲ್ ಕೋರ್ಟ್ ನಿಲ್ದಾಣಕ್ಕೆ ಹೋಗಿ, ಮಾರ್ಗ ಬದಲಿಸಿ ಮಂಡಈಯಲ್ಲಿ ಇಳಿಯಬಹುದು. ಅಲ್ಲಿಂದ ಎರಡೂ ಮನೆಗಳಿಗೆ ಆಟೋ. ದಿನಕ್ಕೆ ಎರಡು ಮನೆ, ಅದಕ್ಕಿಂತ ಹೆಚ್ಚು ನಾನು ಹಾಕುವುದಿಲ್ಲ. ಮೂರನೆಯ ಮನೆಯ ಹೊತ್ತಿಗೆ ದೊಡ್ಡವರಿಗೇ ಯಾರ ಮೇಜು ಯಾರದು, ಯಾರ ಪೆನ್ನು ಯಾರದು ಎಂದು ಕಲಸುಮೇಲೋಗರವಾಗುತ್ತದೆ.

ಮೊದಲು ಫುಲೆ ವಾಡಾ. ಇದನ್ನು ಅವಸರದಲ್ಲಿ ನೋಡಬಾರದು. ಮನೆ ಚಿಕ್ಕದು, ತಗ್ಗು ಮಾಡಿನದು, ಐದು ನಿಮಿಷಕ್ಕೆ ಸುತ್ತಿ ಮುಗಿಸಿಬಿಡಬಹುದು, ಅದೇ ತೊಂದರೆ. ಅಂಗಳಕ್ಕೆ ಬಂದು ಬಾವಿಯ ಹತ್ತಿರ ನಿಲ್ಲಿ. 1868ರಲ್ಲಿ ಜ್ಯೋತಿರಾವ್ ಇದನ್ನು ಅಸ್ಪೃಶ್ಯರೆನಿಸಿದವರಿಗೆ ತೆರೆದರು. ಊರಿನ ಕೆರೆಯಲ್ಲ, ಬೀದಿಯ ಬಾವಿಯಲ್ಲ, ತನ್ನ ಮನೆಯ ಕುಡಿಯುವ ನೀರಿನ ಬಾವಿ. ಅಡುಗೆಮನೆಯಿಂದ ಬಾವಿಗೆ ಎಷ್ಟು ಹೆಜ್ಜೆ ಎಂದು ಮಕ್ಕಳಿಂದ ಎಣಿಸಿ ನೋಡಿ. ಆ ನಿರ್ಧಾರ ಮನೆಯೊಳಗಿನ ಹೆಂಗಸಿನ ದಿನದಿನದ ಒಪ್ಪಿಗೆಯಿಲ್ಲದೆ ಒಂದು ವಾರವೂ ನಡೆಯುತ್ತಿರಲಿಲ್ಲ ಎಂಬುದು ಆ ಅಂಗಳದಲ್ಲಿ ನಿಂತರೆ ತಾನೇ ಹೊಳೆಯುತ್ತದೆ. ಹಿಂದಿನ ದಿನ ನಾಯಗಾಂವ್ ನೋಡಿರಬೇಕು ಎನ್ನುವುದು ಇದಕ್ಕೇ.

ಮಧ್ಯಾಹ್ನ ಕೇಸರಿ ವಾಡಾ. ಬಡೋದೆಯ ಗಾಯಕವಾಡರಿಂದ ತಿಲಕರು 1905ರಲ್ಲಿ ಕೊಂಡ ಜಾಗ. 1881ರಲ್ಲಿ ಶುರುವಾದ ಕೇಸರಿ ಪತ್ರಿಕೆಯ ಕಚೇರಿ ಇನ್ನೂ ಅಲ್ಲೇ ಕೆಲಸ ಮಾಡುತ್ತದೆ, ದನಿ ತಗ್ಗಿಸಿ ಓಡಾಡಬೇಕು. ತಿಲಕರ ಬರೆಯುವ ಮೇಜು ನೋಡಿ ಹೊರಟುಬಿಡಬೇಡಿ. 1907ರಲ್ಲಿ ಜರ್ಮನಿಯ ಸ್ಟಟ್‌ಗಾರ್ಟ್‌ನಲ್ಲಿ ಸ್ವಾತಂತ್ರ್ಯ ಹೋರಾಟಗಾರ್ತಿ ಮೇಡಂ ಕಾಮಾ ಹಾರಿಸಿದ ಭಾರತದ ಧ್ವಜ ಎಲ್ಲಿದೆ ಎಂದು ಕೇಳಿಯೇ ನೋಡಿ ಬನ್ನಿ.

ಶನಿವಾರ ಬೆಳಿಗ್ಗೆ 9ಕ್ಕೆ ಆಗಾ ಖಾನ್ ಅರಮನೆ. ಪುರಾತತ್ವ ಇಲಾಖೆಯ ಸ್ಮಾರಕವಾದ್ದರಿಂದ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಇದು ಮನೆಯಾಗಿದ್ದಕ್ಕಿಂತ ಸೆರೆಮನೆಯಾಗಿದ್ದೇ ನಮಗೆ ಮುಖ್ಯ. 1942ರ ಆಗಸ್ಟಿನಿಂದ 1944ರ ಮೇ ತನಕ ಗಾಂಧೀಜಿ ಇಲ್ಲಿದ್ದರು. ಅವರ ಕಾರ್ಯದರ್ಶಿ ಮಹಾದೇವ ದೇಸಾಯಿ ಬಂದು ಒಂದು ವಾರದೊಳಗೆ, ಆಗಸ್ಟ್ 15ಕ್ಕೆ ತೀರಿಕೊಂಡರು. ಕಸ್ತೂರ್ಬಾ 1944ರ ಫೆಬ್ರವರಿ 22ಕ್ಕೆ. ಎರಡೂ ಸಮಾಧಿಗಳು ಕಟ್ಟಡದ ಹಿಂಬದಿಯ ತೋಟದಲ್ಲಿವೆ. ಕೋಣೆ ನೋಡಿ ವಾಪಸಾಗುವವರು ಅದನ್ನೇ ತಪ್ಪಿಸಿಕೊಳ್ಳುತ್ತಾರೆ. ಹನ್ನೊಂದಕ್ಕೆ ಬಿಟ್ಟರೆ ನಾಲ್ಕರ ಸುಮಾರಿಗೆ ದಾದರ್.

ಮುಂಬೈ

ಎಕ್ಸ್‌ಪ್ರೆಸ್‌ವೇಯಲ್ಲಿ ಕ್ಯಾಮೆರಾಗಳಿವೆ. ಘಾಟಿ ಭಾಗದಲ್ಲಿ ವೇಗದ ಮಿತಿ ಕಡಿಮೆ, ಫಲಕ ನೋಡಿ ಇಳಿಸಿ. ನಗರ ಸೇರಲು ಎರಡು ದಾರಿ. ವಾಶಿ ಸೇತುವೆಯಲ್ಲಿ ಕಾರುಗಳಿಗೆ 2024ರ ಅಕ್ಟೋಬರ್‌ನಿಂದ ಟೋಲ್ ಇಲ್ಲ. ಅಟಲ್ ಸೇತುವಿಗೆ ಉಂಟು, ಬದಲಿಗೆ ಸಮುದ್ರದ ಮೇಲೆ ಟ್ರಾಫಿಕ್ ಇಲ್ಲದೆ ಶಿವಡಿಗೆ ಇಳಿಯಬಹುದು. ಮಕ್ಕಳಿದ್ದರೆ ಎರಡನೆಯದಕ್ಕೇ ದುಡ್ಡು ಕೊಡಿ.

ಭಾನುವಾರ ಟ್ಯಾಕ್ಸಿಯಲ್ಲಿ ಗಾಮದೇವಿಯ ಮಣಿ ಭವನ. 1917ರಿಂದ 1934ರವರೆಗೆ ಮುಂಬೈಗೆ ಬಂದಾಗಲೆಲ್ಲ ಗಾಂಧೀಜಿ ಇಳಿಯುತ್ತಿದ್ದ ಮನೆ. ಕೆಳಗೆ ಗ್ರಂಥಾಲಯ. ಎರಡನೇ ಮಹಡಿಯಲ್ಲಿ ಅವರ ಕೋಣೆ: ಗಾಜಿನಾಚೆ ಬಿಳಿ ಗಾದಿ, ದಿಂಬು, ತಗ್ಗು ಮೇಜು, ಚರಕಗಳು. ಅಷ್ಟೇ. ಪಕ್ಕದ ಕೋಣೆಯಲ್ಲಿ ಪುಟ್ಟ ಬೊಂಬೆಗಳಲ್ಲಿ ಅವರ ಬದುಕಿನ ದೃಶ್ಯಗಳಿವೆ, ಮಕ್ಕಳು ಅಲ್ಲಿಂದ ಕದಲುವುದಿಲ್ಲ. ಅದನ್ನು ಕೊನೆಗೆ ತೋರಿಸಿ, ಮೊದಲೇ ತೋರಿಸಿದರೆ ಕೋಣೆಯತ್ತ ತಿರುಗಿಯೂ ನೋಡುವುದಿಲ್ಲ. ಅಲ್ಲಿಂದ ಆಗಸ್ಟ್ ಕ್ರಾಂತಿ ಮೈದಾನಕ್ಕೆ ನಡೆದೇ ಹೋಗಬಹುದು.

ಸಂಜೆ ದಾದರ್ ಹಿಂದೂ ಕಾಲನಿಯ ರಾಜಗೃಹ. ಪುಸ್ತಕಗಳಿಗೆ ಜಾಗ ಬೇಕೆಂದು ಅಂಬೇಡ್ಕರ್ 1930ರ ದಶಕದ ಆರಂಭದಲ್ಲಿ ಕಟ್ಟಿಸಿದ ಮನೆ. ನೆಲಮಹಡಿಯ ಸ್ಮಾರಕ ಕೋಣೆಗಳಷ್ಟೇ ನಮಗೆ. ಮೇಲೆ ಅವರ ಕುಟುಂಬದ ಮನೆ. ಕಿಟಕಿಗಳತ್ತ ಮೊಬೈಲ್ ಎತ್ತಬಾರದು, ಗೇಟಿನ ಮುಂದೆ ಗಾಡಿ ನಿಲ್ಲಿಸಬಾರದು.

ಸೇವಾಗ್ರಾಮದ ಬಾಪೂ ಕುಟಿಯನ್ನೂ ಇದೇ ಸುತ್ತಿನಲ್ಲಿ ಸೇರಿಸೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಪುಣೆಯಿಂದ ವರ್ಧಾ 600 ಕಿ.ಮೀ.ಗೂ ಹೆಚ್ಚು. ಅದಕ್ಕೆ ಬೇರೆಯೇ ರಜೆ ಬೇಕು.

ಕೊಂಕಣ

ಸೋಮವಾರ ಬೆಳಗಿನ ಐದೂವರೆಗೆ ದಾದರ್ ಬಿಡಬೇಕು. ರತ್ನಾಗಿರಿ ಸುಮಾರು 340 ಕಿ.ಮೀ., ರಸ್ತೆಯ ಕೆಲಸ ಮುಗಿಯದ ತುಂಡುಗಳಿರುವುದರಿಂದ ಒಂಬತ್ತು ಗಂಟೆ ಹಿಡಿಯಿರಿ. ನಡುವೆ ಮಹಾಡ್. 1927ರ ಮಾರ್ಚ್ 20ರಂದು ಅಸ್ಪೃಶ್ಯರೆನಿಸಿದವರ ನೀರಿನ ಹಕ್ಕಿಗಾಗಿ ಅಂಬೇಡ್ಕರ್ ನೀರು ಮುಟ್ಟಿದ ಚವದಾರ್ ಕೆರೆ ಊರೊಳಗೇ ಇದೆ. ಶುಕ್ರವಾರ ಫುಲೆಯವರ ಬಾವಿ, ಸೋಮವಾರ ಈ ಕೆರೆ. ಮುಕ್ಕಾಲು ಗಂಟೆ ಇಲ್ಲಿಗೇ ಇಡಿ. ಮುಂದೆ ಕಶೇಡಿ ಸುರಂಗ, ಚಿಪಳೂಣ, ಹಾತಖಂಬಾದಲ್ಲಿ ಬಲಕ್ಕೆ ತಿರುಗಿದರೆ ರತ್ನಾಗಿರಿ.

ಮಂಗಳವಾರ ಬೆಳಿಗ್ಗೆ ತಿಲಕ ಆಳಿ ಎಂಬ ಓಣಿಯಲ್ಲಿ, 1856ರ ಜುಲೈ 23ರಂದು ತಿಲಕರು ಹುಟ್ಟಿದ ಹೆಂಚಿನ ಮಾಡಿನ ಮನೆ. ಆಮೇಲೆ ಥಿಬಾ ಅರಮನೆ. ಬ್ರಿಟಿಷರು ಬರ್ಮಾದ ಮಂಡಾಲೆಯ ದೊರೆ ಥಿಬಾನನ್ನು ತಂದು ರತ್ನಾಗಿರಿಯಲ್ಲಿಟ್ಟರು, ರತ್ನಾಗಿರಿಯಲ್ಲಿ ಹುಟ್ಟಿದ ತಿಲಕರನ್ನು ಒಯ್ದು 1908ರಿಂದ 1914ರವರೆಗೆ ಮಂಡಾಲೆಯಲ್ಲಿಟ್ಟರು. ತಿಲಕರು ಬಿಡುಗಡೆಯಾಗಿ ಬಂದರು. ದೊರೆ 1916ರಲ್ಲಿ ಇಲ್ಲೇ ತೀರಿಕೊಂಡ.

ಊಟ ಮುಗಿಸಿ ಒಂದಕ್ಕೆ ಹೊರಟುಬಿಡಿ. ಅಂಬಾ ಘಾಟಿಯನ್ನು ಬೆಳಕಿರುವಾಗಲೇ ದಾಟಬೇಕು, ಕತ್ತಲಾದರೆ ಮಂಜು. ಹತ್ತುವ ದಾರಿಯಾದ್ದರಿಂದ ಬ್ರೇಕಿನ ಚಿಂತೆಯಿಲ್ಲ, ಇಂಜಿನ್ ಬಿಸಿಯ ಮುಳ್ಳಿನ ಮೇಲೆ ಕಣ್ಣಿರಲಿ. ಕೂಲೆಂಟ್ ಮಟ್ಟ ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗಲೇ ನೋಡಿರಬೇಕು, ಸ್ಟೆಪ್ನಿಯ ಗಾಳಿಯೂ ಅಷ್ಟೇ. ವಾಂತಿ ಮಾಡಿಕೊಳ್ಳುವ ಮಕ್ಕಳಿಗೆ ಅರ್ಧ ಹೊಟ್ಟೆ ಊಟ, ಕಿಟಕಿ ಸ್ವಲ್ಪ ತೆರೆದು, ಮೊಬೈಲ್ ಕಸಿದುಕೊಂಡು ದೂರದ ಗುಡ್ಡ ನೋಡಲು ಹೇಳಿ. 130 ಕಿ.ಮೀ.ಗೆ ನಾಲ್ಕು ಗಂಟೆ ಬೇಕು. ರಾತ್ರಿ ಕೊಲ್ಹಾಪುರದಲ್ಲಿ ತಂಗಿ, ಬುಧವಾರ ತಿಂಡಿ ತಿಂದು ಬಿಟ್ಟರೆ ಮಧ್ಯಾಹ್ನದ ಊಟಕ್ಕೆ ಹುಬ್ಬಳ್ಳಿ.