ಎಲೆ ಉದುರಿದಾಗ ಮೊದಲು ತೊಟ್ಟು ನೋಡಿ

ಗುಲಾಬಿ ಗಿಡದ ಬುಡದಲ್ಲಿ ಒಂದೇ ರಾತ್ರಿಗೆ ಹತ್ತಾರು ಎಲೆ ಉದುರಿದ್ದರೆ ಗಿಡ ಸತ್ತೇಹೋಯಿತು ಎಂದು ಎದೆ ಧಸಕ್ಕೆನ್ನುತ್ತದೆ. ಔಷಧಿ ಹುಡುಕುವ ಮೊದಲು ಬಿದ್ದ ಎಲೆಯೊಂದನ್ನು ಕೈಗೆತ್ತಿಕೊಳ್ಳಿ.

ತೊಟ್ಟಿನ ತುದಿ ನೋಡಿ. ಕಿತ್ತುಬಂದ ಎಲೆಯಾದರೆ ಅಲ್ಲಿ ನಾರು ಎದ್ದಿರುತ್ತದೆ. ನುಣುಪಾಗಿದ್ದರೆ ಗಿಡವೇ ಅದನ್ನು ಕಳಚಿದೆ.

ಈ ಕಳಚುವಿಕೆಯ ಕುಶಲತೆ ನೋಡಬೇಕು. ತೊಟ್ಟು ಕಾಂಡಕ್ಕೆ ಸೇರುವಲ್ಲಿ ಪುಟ್ಟ ಜೀವಕೋಶಗಳ ಕೆಲವು ಪದರಗಳಿವೆ. ಆರೋಗ್ಯವಾಗಿರುವ ಎಲೆ ಆಕ್ಸಿನ್ ಎಂಬ ಹಾರ್ಮೋನನ್ನು ಕಳುಹಿಸುತ್ತಿರುವವರೆಗೂ ಅವು ಬಿಗಿಯಾಗಿಯೇ ಇರುತ್ತವೆ. ರೋಗ ತಗಲಿದ ಎಲೆಯಲ್ಲಿ ಆಕ್ಸಿನ್ ಇಳಿದು, ಎಥಿಲೀನ್ ಅನಿಲ ಹೆಚ್ಚುತ್ತದೆ. ಆಗ ಕಿಣ್ವಗಳು ಜೀವಕೋಶಗಳನ್ನು ಬೆಸೆದಿದ್ದ ಪೆಕ್ಟಿನ್ ಅಂಟನ್ನು ಕರಗಿಸುತ್ತವೆ. ಎಲೆ ತನ್ನ ಭಾರಕ್ಕೇ ಬೀಳುತ್ತದೆ. ಕಾಂಡದ ಮೇಲಿನ ಗಾಯಕ್ಕೆ ಗಿಡವೇ ರಕ್ಷಣಾ ಪದರ ಕಟ್ಟಿಕೊಳ್ಳುತ್ತದೆ. ಹೂವಿನ ದಳ ಉದುರಿಸಲು ಬಳಸುವ ವ್ಯವಸ್ಥೆಯನ್ನೇ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡ ಬ್ಯಾಕ್ಟೀರಿಯಾ ಸೋಂಕಿದ ಎಲೆಯನ್ನು ಕಳಚಲೂ ಬಳಸುತ್ತದೆ ಎಂದು ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ವಿಜ್ಞಾನಿಗಳು 2017ರಲ್ಲಿ ತೋರಿಸಿದರು. ಚೆರ್ರಿ, ಪೀಚ್ ಜಾತಿಯ ಮರಗಳಂತೂ ಎಷ್ಟೋ ಸಲ ಇಡೀ ಎಲೆಯನ್ನು ಕಳಚದೆ, ರೋಗದ ಚುಕ್ಕೆಯನ್ನಷ್ಟೇ ಕತ್ತರಿಸಿದಂತೆ ಉದುರಿಸುತ್ತವೆ.

ಇನ್ನು ಎಲೆಯ ಮೇಲ್ಭಾಗ ನೋಡಿ. ಅಂಚು ಹರಡಿದ ಕಪ್ಪು ಚುಕ್ಕೆ, ಸುತ್ತ ಹಳದಿ ಬಣ್ಣ ಕಂಡರೆ ಅದು ಶಿಲೀಂಧ್ರ ತರುವ ಕಪ್ಪು ಚುಕ್ಕೆ ರೋಗ. ಚುಕ್ಕೆಯೇ ಇಲ್ಲದಿದ್ದರೆ ನೀರಿನ ಕೊರತೆಯೋ ಬೇರು ಕೊಳೆತವೋ ಇರಬಹುದು. ಮಣ್ಣಿಗೆ ಬೆರಳಿಟ್ಟು ಪರೀಕ್ಷಿಸಿ.

ರೋಗವೇ ಆಗಿದ್ದರೆ ಮುಂದಿನ ಕೆಲಸ ನಿಮ್ಮದು. ಗಿಡ ಎಲೆಯನ್ನು ಕೆಳಗೆ ಹಾಕಬಲ್ಲದು, ದೂರ ಸಾಗಿಸಲಾರದು. ಶಿಲೀಂಧ್ರ ಬಿದ್ದ ಎಲೆಯಲ್ಲೇ ಬದುಕಿದ್ದು, ನೀರಿನ ಹನಿ ಸಿಡಿದಾಗ ಮತ್ತೆ ಮೇಲೇರುತ್ತದೆ. ಆದ್ದರಿಂದ ಒಂದೂ ಬಿಡದೆ ಆರಿಸಿ. ಗೊಬ್ಬರದ ಗುಂಡಿಗೆ ಹಾಕಬೇಡಿ. ಚುಕ್ಕೆ ಬಿದ್ದು ಇನ್ನೂ ನೇತಾಡುತ್ತಿರುವ ಎಲೆಗಳನ್ನು ಅವು ಒದ್ದೆಯಿಲ್ಲದಿರುವಾಗಲೇ ತೆಗೆಯಿರಿ. ನೀರನ್ನು ಬೆಳಗ್ಗೆ, ಬುಡಕ್ಕೆ ಮಾತ್ರ ಹಾಕಿ. ಈ ಶಿಲೀಂಧ್ರ ಮೊಳೆಯಲು ಎಲೆ ಸುಮಾರು 7 ಗಂಟೆ ಒದ್ದೆಯಾಗಿರಬೇಕು.

ಬಳಿಕ ಎಲೆ ಬಿದ್ದ ಗುರುತಿಗಿಂತ ತುಸು ಮೇಲಿರುವ ಚಿಗುರು ಮೊಗ್ಗನ್ನು ಗಮನಿಸುತ್ತಿರಿ. ಚಿಗುರು ಶುಭ್ರವಾಗಿ ಬಂದರೆ ಸಿಂಪಡಣೆ ಬೇಕಿಲ್ಲ. ಹೊಸ ಎಲೆಗಳೂ ಮತ್ತೆ ಮತ್ತೆ ಉದುರಿದರೆ ಗಿಡ ಕೂಡಿಟ್ಟ ಆಹಾರ ಬರಿದಾಗುತ್ತದೆ; ಶಿಲೀಂಧ್ರನಾಶಕ ಬಳಸಬೇಕಾದದ್ದು ಆಗ.